ಟಾನಿಕ್ ಕುಡಿಸುವ ಮೊದಲು

ಆಕಾಶವಾಣಿ ಕಾರವಾರದ ಕೇಳುಗರಿಗೆ ನಮಸ್ಕಾರ.

ನಾನು ಶಿರಸಿ ಕಡೆಯವಳು. ನನ್ನ ಮಗನಿಗೆ ಈಗ 9 ವರ್ಷ. ಅವನಿಗೆ ಥಲಸ್ಸೇಮಿಯಾ ಎಂಬ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಇದೆ, ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಅವನ ಮುಖ ಬಿಳಿಚಿದ್ದು ಕಂಡವರೆಲ್ಲ ಹೇಳುವುದು ಒಂದೇ ಮಾತು: “ರಕ್ತ ಕಮ್ಮಿ ಇದ್ದು ಕಾಣ್ತು ತಂಗಿ, ಹರಿವೆಸೊಪ್ಪು, ಜೋನಿಬೆಲ್ಲ ತಿನ್ಸು.”

ಕಾಯಿಲೆ ಗೊತ್ತಾಗುವ ಮೊದಲು ವೈದ್ಯರೊಬ್ಬರು ಕಬ್ಬಿಣದ ಟಾನಿಕ್ ಬರೆದುಕೊಟ್ಟಿದ್ದರು. ನಾಲ್ಕು ತಿಂಗಳು ಅಳೆದು ಅಳೆದು ಕುಡಿಸಿದೆ. ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಯಾಕೆಂದರೆ ಅವನಿಗೆ ಕೊರತೆಯಿದ್ದದ್ದು ಕಬ್ಬಿಣದ್ದಲ್ಲ.

ಹಿಮೋಗ್ಲೋಬಿನ್ನಿಗೆ ಬೇಕಾದ ಗ್ಲೋಬಿನ್ ಎಂಬ ಪ್ರೋಟೀನು ಈ ಮಕ್ಕಳಲ್ಲಿ ಸರಿಯಾಗಿ ತಯಾರಾಗುವುದಿಲ್ಲ. ಕೆಂಪು ರಕ್ತಕಣಗಳು ಮೂಳೆಯ ಮಜ್ಜೆಯಲ್ಲೇ ಹಾಳಾಗುತ್ತವೆ. ಕರುಳಿನಿಂದ ಕಬ್ಬಿಣ ಅತಿಯಾಗಿ ಒಳಬಾರದಂತೆ ತಡೆಯಲು ಲಿವರ್‌ನಲ್ಲಿ ಹೆಪ್ಸಿಡಿನ್ ಎಂಬ ಹಾರ್ಮೋನು ಹುಟ್ಟುತ್ತದೆ. ಸೋತ ಮಜ್ಜೆ ಅದನ್ನೂ ತಗ್ಗಿಸಿಬಿಡುತ್ತದೆ. ಸಾಕಷ್ಟು ಕಬ್ಬಿಣ ಇದ್ದರೂ ಕರುಳು ಹೀರುತ್ತಲೇ ಇರುತ್ತದೆ.

ಅದರ ಮೇಲೆ ಹೊರಗಿನ ರಕ್ತ. ಊಟದಿಂದ ನಮ್ಮ ಮೈಗೆ ಸೇರುವ ಕಬ್ಬಿಣ ದಿನಕ್ಕೆ 1ರಿಂದ 2 ಮಿಲಿಗ್ರಾಂ. ಒಂದು ಚೀಲ ರಕ್ತದಲ್ಲಿ ಸುಮಾರು 200 ಮಿಲಿಗ್ರಾಂ. ಹೆಚ್ಚಾದದ್ದನ್ನು ಹೊರಗೆ ಹಾಕಲು ದೇಹಕ್ಕೆ ದಾರಿಯೇ ಇಲ್ಲ. ಅದು ಲಿವರ್, ಹೃದಯ, ಬೆಳವಣಿಗೆ ನೋಡಿಕೊಳ್ಳುವ ಗ್ರಂಥಿಗಳಲ್ಲಿ ಹೋಗಿ ಕೂರುತ್ತದೆ. ಮಗು ಆಡಿಕೊಂಡು ಶಾಲೆಗೆ ಹೋಗುತ್ತಿರುತ್ತದೆ, ಹೆತ್ತವರಿಗೂ ಗೊತ್ತಾಗುವುದಿಲ್ಲ.

ಗೊತ್ತಾಗುವುದು ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿದೆ ಎಂದು ತೋರಿಸುವ ಫೆರಿಟಿನ್ ಎಂಬ ರಕ್ತಪರೀಕ್ಷೆಯಲ್ಲಿ. ಅದು 1000 ದಾಟಿದಾಗ ನಮಗೆ ಡೆಫೆರಾಸಿರಾಕ್ಸ್ ಮಾತ್ರೆ ಶುರು ಮಾಡಿದರು. ಅದು ಕಬ್ಬಿಣವನ್ನು ಹಿಡಿದು ಮಲದಲ್ಲಿ ಹೊರಗೆ ಸಾಗಿಸುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲೋಟದ ನೀರಿಗೆ ಹಾಕಿ ಕದಡುತ್ತೇನೆ. ಮೂಗು ಮುಚ್ಚಿಕೊಂಡು ಕುಡಿಯುತ್ತಾನೆ. ತಳದಲ್ಲಿ ಬಿಳಿ ಗಸಿ ಉಳಿಯುತ್ತದೆ. ಅದೂ ಔಷಧಿಯೇ. ಇನ್ನೆರಡು ಚಮಚ ನೀರು ಹಾಕಿ, ಕುಲುಕಿ ಕೊಟ್ಟರೆ “ಮುಗೀತಲ್ಲ ಆಯಿ” ಅನ್ನುತ್ತಾನೆ. ಅರ್ಧ ಗಂಟೆ ಕಳೆದ ಮೇಲೆ ದೋಸೆ. ಕಿಡ್ನಿ, ಲಿವರ್ ಪರೀಕ್ಷೆಯನ್ನೂ ಆಗಾಗ ಮಾಡಿಸುತ್ತೇವೆ.

ನಮ್ಮಲ್ಲಿ ಎಷ್ಟೋ ಮಕ್ಕಳಿಗೆ, ಬಸುರಿಯರಿಗೆ ಕಬ್ಬಿಣ ನಿಜಕ್ಕೂ ಬೇಕು. ಅವರು ಮಾತ್ರೆ ಬಿಡಬಾರದು. ಆದರೆ ತಿಂಗಳುಗಟ್ಟಲೆ ಟಾನಿಕ್ ಕುಡಿದರೂ ಹಿಮೋಗ್ಲೋಬಿನ್ ಏರದಿದ್ದರೆ ಇನ್ನೊಂದು ಬಾಟಲಿ ತರಬೇಡಿ. ಫೆರಿಟಿನ್ ಪರೀಕ್ಷೆ, ಥಲಸ್ಸೇಮಿಯಾದ ಸುಳಿವು ಕೊಡುವ ಹಿಮೋಗ್ಲೋಬಿನ್ ಎ2 ಪರೀಕ್ಷೆ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ. ನನಗೆ ಆಗ ಕೇಳಬೇಕೆಂದು ತಿಳಿದಿರಲಿಲ್ಲ.

ನಮಸ್ಕಾರ.