ಸರಣಿಯಲ್ಲಿ ಯಾವ ಬಲ್ಬು ಹೆಚ್ಚು ಬೆಳಗುತ್ತದೆ?

ಕೇಳುಗರಿಗೆ ನಮಸ್ಕಾರ. 40 ವ್ಯಾಟ್ ಹಾಗೂ 100 ವ್ಯಾಟ್‌ನ ಎರಡು ತಂತು ಬಲ್ಬುಗಳನ್ನು ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದಾಗಿ ಒಂದೇ ದಾರಿಯಲ್ಲಿ ಜೋಡಿಸಿ 230 ವೋಲ್ಟ್‌ನ ಮನೆಯ ವಿದ್ಯುತ್ತಿಗೆ ಸೇರಿಸಿದರೆ, ಹೆಚ್ಚು ಪ್ರಕಾಶದಿಂದ ಉರಿಯುವುದು 40 ವ್ಯಾಟ್‌ನ ಬಲ್ಬು. ಹತ್ತನೆಯ ತರಗತಿಯ ಅನೇಕ ಮಕ್ಕಳಿಗೆ ಈ ಉತ್ತರ ಒಪ್ಪಿಗೆಯಾಗುವುದಿಲ್ಲ. ಆದುದರಿಂದ ಲೆಕ್ಕವನ್ನೇ ಮಾಡಿ ನೋಡೋಣ. ಕಾಗದ, ಪೆನ್ಸಿಲು ಹತ್ತಿರವಿದ್ದರೆ ಬರೆದುಕೊಳ್ಳಿ.

ಬಲ್ಬಿನ ಮೇಲೆ ಅಚ್ಚಾದ ವ್ಯಾಟ್, ಅದಕ್ಕೆ ಪೂರ್ಣ 230 ವೋಲ್ಟ್ ದೊರೆತಾಗ ಮಾತ್ರ ನಿಜ. 230ರ ವರ್ಗವಾದ 52,900ನ್ನು 40ರಿಂದ ಭಾಗಿಸಿದರೆ ಮೊದಲನೆಯ ಬಲ್ಬಿನ ರೋಧ, ಅಂದರೆ ಪ್ರವಾಹಕ್ಕೆ ಅದು ಒಡ್ಡುವ ತಡೆ, 1322.5 ಓಮ್; 100ರಿಂದ ಭಾಗಿಸಿದರೆ ಎರಡನೆಯದರ ರೋಧ 529 ಓಮ್. ಕಡಿಮೆ ವ್ಯಾಟ್‌ನ ಬಲ್ಬಿಗೇ ಹೆಚ್ಚು ರೋಧವಿರುವುದನ್ನು ಗಮನಿಸಿ. ಸರಣಿಯಲ್ಲಿ ರೋಧಗಳು ಕೂಡುತ್ತವೆ; ಒಟ್ಟು 1851.5 ಓಮ್. ಓಮನ ನಿಯಮದಂತೆ ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ, ಹರಿಯುವ ಪ್ರವಾಹ ಸುಮಾರು 0.124 ಆಂಪಿಯರ್.

ದಾರಿಯಲ್ಲಿ ಎಲ್ಲಿಯೂ ಕವಲಿಲ್ಲದ ಕಾರಣ ಎರಡು ಬಲ್ಬುಗಳಲ್ಲೂ ಇದೇ ಪ್ರವಾಹ. ಜೇಮ್ಸ್ ಜೌಲ್ 1841ರಲ್ಲಿ ಪ್ರಕಟಿಸಿದ ನಿಯಮದಂತೆ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ, 40 ವ್ಯಾಟ್‌ನ ಬಲ್ಬಿಗೆ ಸುಮಾರು 20.4 ವ್ಯಾಟ್, 100 ವ್ಯಾಟ್‌ನದಕ್ಕೆ ಕೇವಲ 8.2 ವ್ಯಾಟ್ ದೊರೆಯುತ್ತದೆ. ಕೂಡಿದರೆ 28.6, 230ನ್ನು ಪ್ರವಾಹದಿಂದ ಗುಣಿಸಿದರೂ ಅಷ್ಟೇ ಬರಬೇಕು, ಬರುತ್ತದೆ. ಈ ತಾಳೆ ನೋಡುವಿಕೆಯನ್ನು ಎಂದೂ ಬಿಡಬಾರದು.

ಗೊಂದಲ ಹುಟ್ಟುವುದು ಸೂತ್ರದ ಆಯ್ಕೆಯಲ್ಲಿ. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸುವ ಸೂತ್ರವೂ ಸರಿಯಾದದ್ದೇ; ಆದರೆ ಅಲ್ಲಿ ಬಳಸಬೇಕಾದದ್ದು ಆಯಾ ರೋಧಕದ ತುದಿಗಳ ನಡುವಿನ ವೋಲ್ಟೇಜನ್ನೇ ಹೊರತು ಮೂಲದ ಪೂರ್ಣ ವೋಲ್ಟೇಜನ್ನಲ್ಲ. ಸರಣಿಯಲ್ಲಿ ಸಮಾನವಾಗಿರುವುದು ಪ್ರವಾಹವಾದ್ದರಿಂದ ಪ್ರವಾಹದಿಂದ ಆರಂಭಿಸುವುದೇ ಸುಗಮವೆಂದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಟಂಗ್‌ಸ್ಟನ್ ತಂತು ಪೂರ್ಣ ಕಾವಿಗೆ ಏರದಿದ್ದಾಗ ಅದರ ರೋಧ ಕಡಿಮೆಯಿರುತ್ತದೆ. ಆದುದರಿಂದ ನಿಜವಾದ ಪ್ರವಾಹ ನಮ್ಮ ಲೆಕ್ಕಕ್ಕಿಂತ ತುಸು ಹೆಚ್ಚಿರುತ್ತದೆ. ಆದರೂ ಯಾವುದು ಹೆಚ್ಚು ಬೆಳಗುತ್ತದೆಂಬ ಉತ್ತರ ಬದಲಾಗದು.

ಎಲೆಕ್ಟ್ರಾನಿಕ್ಸ್ ಕಲಿಯುವವರಿಗೆ ಈ ಲೆಕ್ಕ ನಿತ್ಯವೂ ಬೇಕು. 12 ವೋಲ್ಟ್‌ಗೆ 100 ಮತ್ತು 220 ಓಮ್‌ಗಳ ರೋಧಕಗಳನ್ನು ಸರಣಿಯಲ್ಲಿ ಸೇರಿಸಿದರೆ ಪ್ರವಾಹ 0.0375 ಆಂಪಿಯರ್, ಮೊದಲನೆಯದು ಸುಮಾರು 0.14 ವ್ಯಾಟ್, ಎರಡನೆಯದು 0.31 ವ್ಯಾಟ್ ಶಾಖವನ್ನು ಹೊರಬಿಡಬೇಕಾಗುತ್ತದೆ. 100 ಓಮ್‌ನದಕ್ಕೆ ಕಾಲು ವ್ಯಾಟ್‌ನ, ಅಂದರೆ 0.25 ವ್ಯಾಟ್‌ವರೆಗೆ ಶಾಖವನ್ನು ತಾಳಬಲ್ಲ, ರೋಧಕ ಸಾಕು. 220 ಓಮ್‌ನ ಜಾಗದಲ್ಲಿ ಅದನ್ನೇ ಹಾಕಿದರೆ ಮಿತಿಮೀರಿ ಕಾಯುತ್ತದೆ, ಅಲ್ಲಿಗೆ ಕನಿಷ್ಠ ಅರ್ಧ ವ್ಯಾಟ್‌ನದನ್ನು ಆರಿಸಿಕೊಳ್ಳಬೇಕು.