ಮೊದಲು ಬಾಲ, ಆಮೇಲೆ ಮೂತಿ

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ನೀವು ಕಟ್ಟಿದ ಕಯಾಕ್, ಅಂದ್ರೆ ಹುಟ್ಟು ಹಾಕಿ ನಡೆಸುವ ಉದ್ದನೆಯ ಸಣ್ಣ ದೋಣಿ, ಅದರ ಎರಡು ತುದಿ ಗಟ್ಟಿ ಮಾಡೋದು ಹೇಗೆ ಅಂತ. ಮುಂದಿನ ತುದಿಗೆ ಮೂತಿ ಅಂತೀನಿ, ಹಿಂದಿನದಕ್ಕೆ ಬಾಲ. ಗಂಗಾವತಿಯವರಿಗೆ ದೋಣಿ ಬಗ್ಗೆ ಹೇಳೋದು ಅಂದ್ರೆ ಸ್ವಲ್ಪ ಧೈರ್ಯ ಬೇಕು. ಆನೆಗೊಂದಿ, ಸಾಣಾಪುರ ಎಲ್ಲ ಇಲ್ಲೇ ಇದೆ, ಹರಗೋಲು ನೋಡಿಯೇ ಬೆಳೆದವರು ನೀವು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಕೂಡ ಇದನ್ನ ಬರೆದಿಟ್ಟಿದ್ದಾನೆ: ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, 15-20 ಜನ ಹಿಡಿಸುತ್ತಾರೆ, ಬೇಕಾದ್ರೆ ಕುದುರೆ, ಎತ್ತು ಕೂಡ. ಮೂತಿ, ಬಾಲದ ಸುದ್ದಿಯೇ ಇಲ್ಲ. ಇದ್ದರೆ ತಾನೇ ಬರೆಯೋಕೆ!

ನನ್ನ ಮೊದಲ ಕಯಾಕ್ ಸಾಣಾಪುರಕ್ಕೆ ಒಯ್ದಾಗ ಹರಗೋಲು ನಡೆಸುವ ಹಿರಿಯರೊಬ್ಬರು ಕೇಳಿದರು, ‘ಯಾಕ್ರೀ ಮಾಸ್ತರ, ಇದಕ್ಕ ಮೂತಿ ಯಾಕ ಇಟ್ಟೀರಿ? ಮೂತಿ ಇದ್ರ ಬಡಿಸ್ಕೊಳ್ಳೋದ.’ ನಿಜ. ಹರಗೋಲು ಬಂಡೆಗೆ ತಾಗಿದರೆ ಗಿರ್ರನೆ ತಿರುಗಿ ಪಾರಾಗುತ್ತದೆ. ಕಯಾಕ್ ಪೂರ್ತಿ ಭಾರ ಹೊತ್ತು ಒಂದೇ ತುದಿಯಲ್ಲಿ ಗುದ್ದುತ್ತದೆ.

ಆದರೆ ಅವತ್ತು ನನ್ನದು ಒಡೆದಿದ್ದು ಬಂಡೆಗಲ್ಲ. ಮೂತಿಗೆ ಕಟ್ಟಿದ ಹಗ್ಗ ಹಿಡಿದು ದಡದ ಕಲ್ಲಿನ ಮೇಲೆ ದರದರ ಎಳೆದೆ. ಮನೆಗೆ ಬಂದು ನೋಡಿದರೆ ಹಿಂಬದಿಯ ಅಡಿಯಲ್ಲಿ ಫೈಬರ್ ಬಟ್ಟೆ ಸವೆದು, ನಾಲ್ಕು ಎಂಎಂ ಪ್ಲೈವುಡ್ ಹಲ್ಲು ಕಿಸಿಯುತ್ತಿತ್ತು. ಅದಕ್ಕೇ ನಾನು ಬಾಲ, ಬಾಲ ಅಂತ ಬಡಿದುಕೊಳ್ಳೋದು. ಇವತ್ತು ಬರುವಾಗ ವರಾಂಡದಲ್ಲಿರುವ ನಿಮ್ಮ ಮೂರೂ ಕಯಾಕ್ ತಟ್ಟಿ ನೋಡಿದೆ. ಮೂತಿ ಟಣ್ ಅನ್ನುತ್ತೆ, ಬಾಲ ಡಬ್ ಅನ್ನುತ್ತೆ. ಎಲ್ಲರೂ ಫೋಟೋಗೆ ಕಾಣೋ ಕಡೆಗೇ ರೆಸಿನ್ ಅಂಟು ಸುರಿದಿದ್ದೀರಿ, ಅಲ್ವಾ?

ಒಳಗಿನ ಕೆಲಸ ಮೊದಲು. ದೋಣಿಯನ್ನು ಗೋಡೆಗೆ ಒರಗಿಸಿ ನೆಟ್ಟಗೆ ನಿಲ್ಲಿಸಿ. ಎಪಾಕ್ಸಿಗೆ, ಅಂದ್ರೆ ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ರೆಸಿನ್‌ಗೆ, ನಯವಾದ ಮರದ ಪುಡಿ ಕಲಸಿ ತುದಿಯೊಳಗೆ ಸುರಿಯಿರಿ. ಗಟ್ಟಿಯಾದ ಮೇಲೆ ಅದರಲ್ಲೇ ತೂತು ಕೊರೆದು ಹಗ್ಗ ಪೋಣಿಸಬಹುದು. ಒಂದೇ ಸಲ ಸುರಿಯಬೇಡಿ ಮಾತ್ರ. ನಾನು ಸುರಿದಿದ್ದೆ, ಅದೂ ಮೇ ತಿಂಗಳಲ್ಲಿ, ಮಧ್ಯಾಹ್ನ! ಎಪಾಕ್ಸಿ ಗಟ್ಟಿಯಾಗುವಾಗ ತಾನೇ ಕಾಯುತ್ತದೆ, ರಾಶಿ ದೊಡ್ಡದಾದಷ್ಟೂ ಬಿಸಿ ಜಾಸ್ತಿ. ಕೈಯಲ್ಲಿದ್ದ ಡಬ್ಬಿ ಮೆತ್ತಗಾಗಿ ಹೊಗೆ ಬಂತು. ‘ಏನ್ ಸುಡಾಕ್ ಹತ್ತೀರಿ?’ ಅಂತ ನಮ್ಮನೆಯವರು ಅಡುಗೆಮನೆಯಿಂದ ಕೂಗಿದರು. ‘ಏನಿಲ್ಲ’ ಅಂದೆ. ಅಂಗಳದ ಫರಸಿಯ ಮೇಲೆ ಆ ಕಲೆ ಇನ್ನೂ ಇದೆ, ಹಬ್ಬಕ್ಕೆ ಬಂದ ನೆಂಟರಿಗೆಲ್ಲ ತೋರಿಸ್ತಾರೆ. ಆದ್ದರಿಂದ ಸ್ವಲ್ಪ ಸ್ವಲ್ಪ, ಬೆಳಗಿನ ತಂಪಲ್ಲಿ, ಒಂದು ಪದರ ತಣ್ಣಗಾದ ಮೇಲೆ ಇನ್ನೊಂದು. ಬಾಲದಿಂದ ಶುರುಮಾಡಿ.

ಹಾಗಂತ ಸೇರುಗಟ್ಟಲೆ ತುಂಬಬೇಡಿ. ತುದಿಗಳಲ್ಲಿ ಭಾರ ಜಾಸ್ತಿಯಾದರೆ ಅಲೆ ಬಂದಾಗ ದೋಣಿ ಬೇಗ ಮೇಲೇಳುವುದಿಲ್ಲ, ತಿರುಗಿಸೋಕೂ ತ್ರಾಸು.

ಇನ್ನು ಹೊರಗೆ. ಬ್ಲೌಸ್ ಹೊಲಿಯುವವರು ಇಲ್ಲಿದ್ದರೆ ಅವರಿಗೆ ಬೇಗ ತಿಳಿಯುತ್ತದೆ: ಫೈಬರ್ ಬಟ್ಟೆಯನ್ನು ಕ್ರಾಸ್, ಅಂದ್ರೆ ಎಳೆಗಳಿಗೆ ಓರೆಯಾಗಿ, ಕತ್ತರಿಸಬೇಕು. ನೇರ ಕತ್ತರಿಸಿದರೆ ಅರ್ಧ ಎಳೆಗಳು ಅಂಚಿನ ಉದ್ದಕ್ಕೇ ಮಲಗುತ್ತವೆ, ಎರಡು ಮಗ್ಗುಲನ್ನು ಹಿಡಿಯುವುದೇ ಇಲ್ಲ. ಕ್ರಾಸ್ ಆದರೆ ಪ್ರತಿ ಎಳೆಯೂ ಅಂಚು ದಾಟುತ್ತದೆ. ಚೂಪು ತುದಿಯಲ್ಲೂ ಸುಕ್ಕಿಲ್ಲದೆ ಕೂರುತ್ತದೆ. ಅಂಚನ್ನು ಉಜ್ಜಿ ಸ್ವಲ್ಪ ದುಂಡಗೆ ಮಾಡಿ, ಎರಡು ಇಂಚು, ಮೂರು ಇಂಚು, ನಾಲ್ಕು ಇಂಚು ಅಗಲದ ಪಟ್ಟಿ, ಹೀಗೆ ಒಂದರ ಮೇಲೊಂದು ಎಪಾಕ್ಸಿಯಿಂದ ಅಂಟಿಸಿ.

ಚೀಟಿ ಬಂತು, ಐದೇ ನಿಮಿಷವಂತೆ. ಹಿತ್ತಾಳೆ ಪಟ್ಟಿ: ದಡಕ್ಕೆ ಉಜ್ಜುವ ಕಡೆ ಹಾಕಿ, ಸ್ಕ್ರೂ ತೂತಿಗೆ ಎಪಾಕ್ಸಿ ತುಂಬಿ, ಇಲ್ಲಾಂದ್ರೆ ಮರ ನೀರು ಕುಡಿಯುತ್ತದೆ. ಕೆವ್ಲಾರ್ ಅನ್ನೋ ಗಟ್ಟಿ ನಾರಿನ ಬಟ್ಟೆ: ಸುಮ್ನೆ ಖರ್ಚು, ಉಜ್ಜಿದರೆ ನಾರು ಏಳುತ್ತದೆ. ಬಣ್ಣದ ಬಗ್ಗೆ ಇನ್ನೊಮ್ಮೆ.

ಭಾನುವಾರ ನೀರಿಗಿಳಿಸ್ತೀರಂತೆ. ಬೇಡ. ಇವತ್ತು ಸಂಜೆಯೇ ಮೂರನ್ನೂ ಬಾಲ ಕೆಳಗೆ ಮಾಡಿ ನಿಲ್ಲಿಸೋಣ. ಎಪಾಕ್ಸಿ ಪೂರ್ತಿ ಗಟ್ಟಿಯಾಗೋಕೆ ವಾರ ಬೇಕು. ಹಳೆ ಬಟ್ಟೆ ತಂದಿದ್ದೀರಾ ಯಾರಾದ್ರೂ?