ಒಂದು ವರ್ಷದ ಹಿಂದೆ ಕೊಟ್ಟ ಮಾತು

ಪ್ರಿಯರೇ, ಕಾಯಿಲೆಯಿಂದ ಮಲಗಿದ್ದ ಒಬ್ಬ ತಾಯಿಗೆ, "ನಿಮಗಾಗಿ ದಿನವೂ ಪ್ರಾರ್ಥಿಸುತ್ತೇನೆ" ಎಂದು ನಾನು ಮಾತು ಕೊಟ್ಟಿದ್ದೆ. ಒಂದು ವಾರ ಪ್ರಾರ್ಥಿಸಿದೆ. ಆಮೇಲೆ ಮರೆತೇಬಿಟ್ಟೆ. ತಿಂಗಳುಗಳಾದ ಮೇಲೆ ಸಿಕ್ಕಾಗ ಅವರು ನನ್ನ ಕೈ ಹಿಡಿದು, "ನೀವು ಪ್ರಾರ್ಥಿಸುತ್ತಿದ್ದೀರಿ ಎಂಬ ಧೈರ್ಯ ನನಗಿತ್ತು" ಎಂದರು. ನನಗೆ ತಲೆ ಎತ್ತಲಾಗಲಿಲ್ಲ.

ಅಂದಿನಿಂದ ಬೈಬಲಿನಲ್ಲಿ ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೆಯ ಅಧ್ಯಾಯ ನನ್ನನ್ನು ಬಿಟ್ಟಿಲ್ಲ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ ಸಹಾಯಧನ ಕೂಡಿಸಲು ಕೊರಿಂಥದ ಸಭೆ ಹಿಂದಿನ ವರ್ಷವೇ ಕೈಹಾಕಿತ್ತು. ಅವರ ಆಸಕ್ತಿಯನ್ನು ಪೌಲನು ಮಕೆದೋನ್ಯ ಪ್ರಾಂತದ ಸಭೆಗಳವರ ಮುಂದೆ ಹೊಗಳಿಯೂ ಇದ್ದನು. ಆದರೆ ಕೆಲಸ ಮುಗಿದಿರಲಿಲ್ಲ. ಆಗ ಅವನು ಹೊಸ ಹುರುಪು ಬರಲಿ ಎಂದು ಕಾಯಲಿಲ್ಲ. ತೊಡಗಿದ್ದನ್ನು ಮುಗಿಸಿರಿ, ನಿಮ್ಮಲ್ಲಿ ಇರುವುದರಿಂದಲೇ ಮುಗಿಸಿರಿ ಎಂದು ಬರೆದನು.

ನಾವು ಹಾಗೆ ಮಾಡುವುದಿಲ್ಲ. ಉತ್ಸಾಹ ಆರುತ್ತಲೇ ಇನ್ನೊಂದು ಉಜ್ಜೀವನ ಕೂಟಕ್ಕೆ ಓಡುತ್ತೇವೆ, ಕಣ್ಣೀರಿಟ್ಟು ಇನ್ನೊಂದು ತೀರ್ಮಾನ ಮಾಡುತ್ತೇವೆ. ಆ ಕಣ್ಣೀರು ಸುಳ್ಳೆಂದು ನಾನು ಎಂದಿಗೂ ಹೇಳಲಾರೆ. ಆದರೆ ಹೊಸ ಮಾತು ಕೊಟ್ಟರೆ ಹಳೆಯ ಮಾತಿನ ಋಣ ತೀರುತ್ತದೆಯೇ?

ಪೌಲನ ದಾರಿ ತೀರಾ ಸರಳವಾಗಿತ್ತು. ಈ ಸಹಾಯಧನಕ್ಕಾಗಿ ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಷ್ಟನ್ನು ತೆಗೆದಿಡಲಿ ಎಂದು ಮೊದಲನೆಯ ಪತ್ರಿಕೆಯಲ್ಲೇ ತಿಳಿಸಿದ್ದನು. ಅದೇ ಪತ್ರಿಕೆಯಲ್ಲಿ ಪವಿತ್ರಾತ್ಮನ ವರಗಳ ಮಾತಿದೆ, ಪುನರುತ್ಥಾನದ ಮಾತಿದೆ. ಅವುಗಳ ಬೆನ್ನಿಗೇ ಈ ವಾರವಾರದ ಲೆಕ್ಕವೂ ಇದೆ. ಹೀಗೆ ದಿನ ಗೊತ್ತುಮಾಡಿಕೊಳ್ಳುವುದು ಆತ್ಮಿಕವಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಸಾಲದೆಂಬಂತೆ ತನ್ನ ಜೊತೆಕೆಲಸಗಾರನಾದ ತೀತನನ್ನೂ ಅವನೊಂದಿಗೆ ಇಬ್ಬರು ಸಹೋದರರನ್ನೂ ಕಳುಹಿಸಿದನು. ಕೊರಿಂಥದವರನ್ನು ಅವರ ಪಾಡಿಗೆ ಬಿಡಲಿಲ್ಲ.

ನಡುದಾರಿಯಲ್ಲಿ ಬಿಟ್ಟುಬಂದೆನಲ್ಲಾ ಎಂದು ಕೊರಗುತ್ತಿರುವವರು ಮಾರ್ಕನನ್ನು ನೆನೆಯಿರಿ. ಸುವಾರ್ತೆಯ ಪ್ರಯಾಣದ ನಡುವೆ ಪಂಫುಲ್ಯ ಎಂಬ ಸೀಮೆಯಿಂದ ಹಿಂದಿರುಗಿಬಿಟ್ಟವನೆಂದು ಪೌಲನು ಒಮ್ಮೆ ಜೊತೆಗೆ ಸೇರಿಸಿಕೊಳ್ಳಲು ಒಪ್ಪದಿದ್ದದ್ದು ಅವನನ್ನೇ. ಅವನನ್ನೇ ಕರೆದುಕೊಂಡು ಬಾ, ನನಗೆ ಸೇವೆಯಲ್ಲಿ ಉಪಯುಕ್ತನು ಎಂದು ಕಡೆಗೆ ಸೆರೆಯಿಂದ ತನ್ನ ಜೊತೆಗಾರನಾದ ತಿಮೊಥೆಯನಿಗೆ ಬರೆದನು.

ಕೊರಿಂಥದವರೂ ಮುಗಿಸಿದರು. ಕೊರಿಂಥ ಇದ್ದದ್ದು ಅಖಾಯ ಪ್ರಾಂತದಲ್ಲಿ. ಮಕೆದೋನ್ಯದವರೂ ಅಖಾಯದವರೂ ಇಷ್ಟಪಟ್ಟು ಸಹಾಯಧನ ಕೊಟ್ಟರೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 15ನೆಯ ಅಧ್ಯಾಯದಲ್ಲಿದೆ. ಆ ವಾಕ್ಯ ಓದುವಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ.

ಆ ತಾಯಿಗೆ ನಿಜ ಹೇಳಿ ಕ್ಷಮೆ ಕೇಳಿದೆ. ಅವರ ಹೆಸರು ಈಗ ನನ್ನ ಬೈಬಲಿನ ಮೊದಲ ಪುಟದಲ್ಲಿದೆ. ಭಾನುವಾರ ಆರಾಧನೆ ಮುಗಿಯುತ್ತಲೇ ಒಬ್ಬ ಹಿರಿಯ ಸಹೋದರರು ನನ್ನ ಬಳಿಗೆ ಬಂದು ಕೇಳುತ್ತಾರೆ: "ಈ ವಾರ ಪ್ರಾರ್ಥಿಸಿದಿರಾ?"